ಬರುವಾಗ ಒಂದು ಹಳೇ ಸೀರೆ ತನ್ನಿ

ನನ್ನನ್ನು ಏನೆಂದು ಕರೆಯಬೇಕು ಎನ್ನುವುದು ನಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರುಗಳು ಮೊದಲಿನ ಹಾಗೆಯೇ ಸಿಸ್ಟರ್ ಅಂದರು. ವರ್ಷಗಟ್ಟಲೆ ನನ್ನ ಜೊತೆ ಡ್ಯೂಟಿ ಮಾಡಿದ ನರ್ಸುಗಳು ನಗುತ್ತ ಡಾಕ್ಟ್ರಮ್ಮ ಅಂದರು. ಆ ನಗುವಿನಲ್ಲಿ ಸಕ್ಕರೆಗಿಂತ ಖಾರ ಜಾಸ್ತಿ ಇತ್ತು. ನನ್ನ ಅಮ್ಮನಂತೂ ನಾನು ಹೊಸ ತರಬೇತಿ ಮುಗಿಸಿ ಬಂದ ದಿನ ಜಾಲಹಳ್ಳಿಯ ಮನೆಯಲ್ಲಿ ಚಪಾತಿ ಲಟ್ಟಿಸುತ್ತ ಹೇಳಿದಳು: "ಅಲ್ಲ ಕಣೇ, ನರ್ಸ್ ಅಂತ ಮರ್ಯಾದೆಯಾಗಿದ್ದೆ. ಇಷ್ಟೆಲ್ಲ ಓದಿ ಕೊನೆಗೆ ಸೂಲಗಿತ್ತಿ ಆದ್ಯಾ?"

ಅಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ನನ್ನ ಗುರುತಿನ ಚೀಟಿಯಲ್ಲಿ ನರ್ಸ್ ಪ್ರಾಕ್ಟೀಷನರ್, ಮಿಡ್‌ವೈಫರಿ ಎಂದು ಬರೆದಿತ್ತು. ಅಷ್ಟುದ್ದ ಓದುವ ತಾಳ್ಮೆ ಇದ್ದವರನ್ನು ನಾನು ಕಂಡಿಲ್ಲ. ಅದರ ಅರ್ಥ ಇಷ್ಟೇ: ಬಸುರಿಗೆ ಬಿಪಿ, ಸಕ್ಕರೆ, ರಕ್ತಸ್ರಾವ ಅಂತ ಏನೂ ತೊಂದರೆ ಇಲ್ಲದಿದ್ದರೆ ಅವಳ ತಪಾಸಣೆಯಿಂದ ಹಿಡಿದು ಹೆರಿಗೆಯವರೆಗೆ ನಾನೇ ನೋಡಿಕೊಳ್ಳಬಹುದು. ತೊಂದರೆ ಕಂಡರೆ ಡಾಕ್ಟರನ್ನು ಕರೆಯಬೇಕು. ಡಾಕ್ಟರಿಗೆ ಹೊರೆ ಕಡಿಮೆ, ಬಸುರಿಗೆ ನೆಮ್ಮದಿ, ನರ್ಸಿಗೆ ಮರ್ಯಾದೆ. ಹೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಅದಕ್ಕಾಗಿ ಒಂದೂವರೆ ವರ್ಷ ಮನೆ ಬಿಟ್ಟು, ಬೇರೆ ಊರಿನ ಹಾಸ್ಟೆಲಿನಲ್ಲಿ, ನನ್ನ ಮಗಳ ವಯಸ್ಸಿನ ಹುಡುಗಿಯರ ಪಕ್ಕ ಕೂತು ಓದಿ ಬಂದಿದ್ದೆ.

ನಮ್ಮದು ಉತ್ತರ ಬೆಂಗಳೂರಿನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆ. ಯಾವುದು ಎಂದು ಕೇಳಬೇಡಿ. ಯಲಹಂಕ ಕಡೆಯಿಂದಲೂ ಬರುತ್ತಾರೆ, ಹೆಬ್ಬಾಳ, ಸಂಜಯನಗರದಿಂದಲೂ ಬರುತ್ತಾರೆ. ಲೇಬರ್ ವಾರ್ಡಿನಲ್ಲಿ ಕಬ್ಬಿಣದ ಟೇಬಲ್‌ಗಳು ಸಾಲಾಗಿ. ಹೆಂಗಸು ಮಲಗಬೇಕು, ಕಾಲು ಎತ್ತಿ ಇಡಬೇಕು, ಕೂಗಬಾರದು, ಮುಕ್ಕು ಅಂದಾಗ ಮುಕ್ಕಬೇಕು. ಗಂಡ, ತಾಯಿ, ಅತ್ತೆ ಎಲ್ಲ ಕಾರಿಡಾರಿನಲ್ಲಿ. ಒಳಗೆ ಅವಳಿಗೆ ಗೊತ್ತಿರುವ ಮುಖ ಒಂದೂ ಇಲ್ಲ. ನಾಯಿ ಬೆಕ್ಕುಗಳು ಕೂಡ ಮರಿ ಹಾಕಲು ಪರಿಚಯದ ಮೂಲೆ ಹುಡುಕುತ್ತವೆ. ನಮ್ಮ ಹೆಂಗಸರಿಗೆ ಆ ಭಾಗ್ಯವೂ ಇರಲಿಲ್ಲ.

ಆಗ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಡಾಕ್ಟರನ್ನು ನಾವು ದೊಡ್ಡ ಮೇಡಂ ಅನ್ನುತ್ತಿದ್ದೆವು. ನಿವೃತ್ತಿಗೆ ಹತ್ತಿರ ಬಂದಿದ್ದ ಹೆಂಗಸು. ಮೂಗಿನ ತುದಿಯಲ್ಲೇ ಕೋಪ, ಆದರೆ ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ. ಲೇಬರ್ ವಾರ್ಡಿನ ಪಕ್ಕದಲ್ಲಿ ಮುರಿದ ಮಂಚ, ತುಕ್ಕು ಹಿಡಿದ ಸಲೈನ್ ಸ್ಟ್ಯಾಂಡುಗಳನ್ನು ತುಂಬಿಟ್ಟ ಒಂದು ಕೋಣೆ ಇತ್ತು. ಅದರ ಬೀಗದ ಕೈಯನ್ನು ನನ್ನ ಮೇಜಿನ ಮೇಲೆ ಇಟ್ಟರು. "ತಗೊಳ್ರಿ, ನಿಮ್ಮ ಕೋಣೆ. ಏನ್ ಮಾಡ್ತೀರೋ ಮಾಡಿ. ಆದ್ರೆ ಏನಾದ್ರೂ ಎಡವಟ್ಟು ಅನ್ಸಿದ್ರೆ ಆ ಕ್ಷಣ ನನ್ನ ಕರೀಬೇಕು, ಗೊತ್ತಾಯ್ತಾ?" ಅಂದರು. ಗೊತ್ತಾಯಿತು ಅಂದೆ. ಕಣ್ಣಲ್ಲಿ ನೀರು ಬಂತು, ಅವರು ನೋಡಲಿಲ್ಲ.

ಕೋಣೆ ತೊಳೆದು ಬಣ್ಣ ಹೊಡೆಸಿದೆವು. ಟೇಬಲ್ ಇಲ್ಲ, ನೆಲದ ಮೇಲೆ ದಪ್ಪನೆ ಚಾಪೆ. ಒಂದು ದೊಡ್ಡ ರಬ್ಬರ್ ಚೆಂಡು, ಒಂದು ಗಿಡ್ಡ ಸ್ಟೂಲು. ಅತ್ತೆಯೋ ಅಮ್ಮನೋ ಕೂರಲು ಒಂದು ಕುರ್ಚಿ. ಮೇಲಿನ ತೊಲೆಗೆ ಒಂದು ಕಬ್ಬಿಣದ ಕೊಕ್ಕೆ. ಅದಕ್ಕೆ ಬಟ್ಟೆ ಇಳಿಬಿಟ್ಟರೆ ನೋವು ಬಂದಾಗ ಅದನ್ನು ಹಿಡಿದು ಜೋತುಬೀಳಬಹುದು, ಹಾಗೇ ಕುಕ್ಕರುಗಾಲಲ್ಲಿ ಕೂರಬಹುದು. ಕೊಕ್ಕೆ ಹಾಕಲು ಬಂದ ವೆಲ್ಡಿಂಗ್‌ನವನು ಎಷ್ಟು ಭಾರ ತಡೆಯಬೇಕು ಎಂದು ಕೇಳಿದ. ಇಬ್ಬರ ಭಾರ ಅಂದೆ. ಅವನು ಕೆಲಸ ಮುಗಿಸಿ ತಾನೇ ಒಂದು ಹಗ್ಗ ಕಟ್ಟಿ ಜೋತುಬಿದ್ದು ತೋರಿಸಿದ. "ನಾನು ಬೀಳ್ಲಿಲ್ಲ ಅಂದ್ಮೇಲೆ ಯಾರೂ ಬೀಳಲ್ಲ ಬಿಡಿ ಮೇಡಂ" ಅಂದ. ಅವನ ಹೊಟ್ಟೆ ನೋಡಿದರೆ ಎಂಟು ತಿಂಗಳ ಬಸುರಿಗೆ ಕಡಿಮೆ ಇರಲಿಲ್ಲ, ನಂಬಿದೆ.

ಕೋಣೆ ತೆರೆದ ವಾರದಲ್ಲೇ ಎಡವಟ್ಟಾಯಿತು. ಆ ಎಡವಟ್ಟು ಪುಸ್ತಕದಲ್ಲಿ ಇರಲಿಲ್ಲ.

ಒಬ್ಬ ಬಸ್ ಕಂಡಕ್ಟರ್ ಬಂದಳು, ಚೊಚ್ಚಲ ಬಸುರಿ. ಯಲಹಂಕದಿಂದ ಆಚೆಗಿನ ಹಳ್ಳಿಯವಳು. ಆ ಹಳ್ಳಿ ಈಗ ಹಳ್ಳಿಯಾಗಿ ಉಳಿದಿಲ್ಲ, ಸುತ್ತ ಅಪಾರ್ಟ್‌ಮೆಂಟು ಎದ್ದಿವೆ. ತಪಾಸಣೆಗೆ ಬಂದಾಗಲೇ ಅವಳ ಪರಿಚಯವಾಗಿತ್ತು. ಮಾತಿನ ಮಲ್ಲಿ. ಏಳು ತಿಂಗಳವರೆಗೂ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವಳು. "ಅಕ್ಕಾ, ನನ್ನ ಮಾತ್ರ ಮಲಗಿಸ್ಬೇಡಿ. ನಿಂತು ನಿಂತು ಅಭ್ಯಾಸ ಆಗ್ಬಿಟ್ಟಿದೆ, ನಿಂತ್ಕೊಂಡೇ ಹೆತ್ಕೊಡ್ತೀನಿ" ಅನ್ನುತ್ತಿದ್ದಳು. ಅವಳಿಗಾಗಿಯೇ ಎಂಬಂತೆ ನಾನು ಕೊಕ್ಕೆಗೆ ಆಸ್ಪತ್ರೆಯ ಹಸಿರು ಬೆಡ್‌ಶೀಟನ್ನು ಉದ್ದಕ್ಕೆ ಇಳಿಬಿಟ್ಟು ಗಂಟು ಹಾಕಿ ಕಾದಿದ್ದೆ.

ಮಧ್ಯಾಹ್ನ ನೋವು ಶುರುವಾಗಿ ಅವಳೂ ಅವಳ ಅತ್ತೆಯೂ ಬಂದರು. ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮೇಲೆ ನೋಡಿದಳು, ನನ್ನನ್ನು ನೋಡಿದಳು.

"ಇದೇನವ್ವ ಇದು? ಕೂಸು ಉಟ್ಟೋಕ್ ಮುಂಚೆ ಜೋಲಿ ಕಟ್ಟವ್ರೆ? ಬರೀ ಜೋಲಿ ತೂಗಾಕ್ತಾರಾ ಯಾರಾದ್ರೂ? ಬಾರೇ, ಓಗಾನ. ಇಂಥ ಕಡೆ ಎರಿಗೆ ಬ್ಯಾಡ."

ನನಗೆ ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು. ಗಂಟು ಹಾಕಿ ಇಳಿಬಿಟ್ಟ ಬಟ್ಟೆ ಅವಳ ಕಣ್ಣಿಗೆ ಮಗುವನ್ನು ಮಲಗಿಸುವ ಜೋಲಿಯಾಗಿ ಕಂಡಿತ್ತು. ಮಗು ಹುಟ್ಟುವ ಮೊದಲು ಮನೆಯಲ್ಲಿ ತೊಟ್ಟಿಲು ಕಟ್ಟುವುದಿಲ್ಲ, ಖಾಲಿ ತೊಟ್ಟಿಲು ತೂಗುವುದಿಲ್ಲ. ನಮ್ಮಮ್ಮನೂ ನನ್ನ ಹೆರಿಗೆಗೆ ಮೊದಲು ಒಂದು ಅಂಗಿಯನ್ನೂ ಕೊಳ್ಳಲು ಬಿಟ್ಟಿರಲಿಲ್ಲ. ಗೊತ್ತಿದ್ದೂ ನಾನೇ ಕಟ್ಟಿಟ್ಟಿದ್ದೆ. ತರಬೇತಿ ಕೊಟ್ಟವರು ಎಲ್ಲ ಹೇಳಿದ್ದರು, ಇದನ್ನು ಹೇಳಿರಲಿಲ್ಲ.

ಅತ್ತೆ ಸೊಸೆಯ ಕೈ ಹಿಡಿದು ಗೇಟಿನವರೆಗೆ ಹೋಗಿಯೇ ಬಿಟ್ಟಳು. ಗೇಟಿನಲ್ಲಿ ನೋವು ಬಂದು ಕಂಡಕ್ಟರ್ ಕಬ್ಬಿಣದ ಸರಳು ಹಿಡಿದು ನಿಂತಳು. ನಾನು ಹಿಂದೆಯೇ ಓಡಿದೆ. "ಅಮ್ಮಾ, ಅದು ಜೋಲಿ ಅಲ್ಲ. ನೋವು ಬಂದಾಗ ಹಿಡ್ಕೊಳ್ಳೋಕೆ. ನೋಡಿ, ಈಗ ಸರಳು ಹಿಡ್ಕೊಂಡಿಲ್ವಾ, ಹಾಗೆ" ಅಂದೆ. ಅತ್ತೆ ಸೊಸೆಯ ಕೈ ನೋಡಿದಳು.

"ಇಡ್ಕಳಾಕಾ? ಅದನ್ನ ಮೊದ್ಲೇ ಏಳ್ಬಾರ್ದಾ? ಇಡ್ಕಳಾಕೆ ಅಂದಿದ್ರೆ ಮನೇದೇ ತರ್ತಿದ್ವಲ್ಲ" ಅಂದವಳೇ ತನ್ನ ಬ್ಯಾಗಿನಿಂದ ಒಂದು ಹಳೇ ನೂಲಿನ ಸೀರೆ ತೆಗೆದಳು. ಒಗೆದು ಒಗೆದು ಮೆತ್ತಗಾದ ಸೀರೆ, ಹುಟ್ಟಿದ ಮಗುವನ್ನು ಸುತ್ತಲು ತಂದದ್ದು. "ಇದುನ್ನ ಕಟ್ಟು. ನಮ್ಮತ್ತೇದು ಇದು. ಆದ್ರೆ ಇವ್ಳು ಕೇಳೋಗಂಟ ಕಟ್ಬ್ಯಾಡ."

ಹಾಗೇ ಮಾಡಿದೆ. ಬೆಡ್‌ಶೀಟು ಬಿಚ್ಚಿ ಮಡಚಿಟ್ಟೆ. ಕಂಡಕ್ಟರ್ ಸಾಕಾಗಿ "ಏನಾದ್ರೂ ಕೊಡಿ ಅಕ್ಕ ಹಿಡ್ಕೊಳ್ಳೋಕೆ" ಅಂದಾಗ ಅತ್ತೆಯೇ ಕುರ್ಚಿ ಹತ್ತಿ ಆ ಸೀರೆಯನ್ನು ಕೊಕ್ಕೆಗೆ ಹಾಕಿದಳು. ಸೊಸೆ ನಿಂತೇ ಹೆತ್ತಳು, ಹೇಳಿದ ಮಾತಿನಂತೆ. ಕೊನೆಯಲ್ಲಿ ತಲೆ ಕಾಣಿಸುವಾಗ ನಾನು ಸ್ವಲ್ಪ ತಡಿ, ನಿಧಾನ ಅಂದರೆ ಅವಳು ಹಲ್ಲು ಕಚ್ಚಿ "ಹೋಲ್ಡಾನ್, ಹೋಲ್ಡಾನ್" ಅಂತ ತನಗೆ ತಾನೇ ಹೇಳಿಕೊಂಡಳು. ಅತ್ತೆ ಅವಳ ಬೆನ್ನು ನೀವುತ್ತ "ರೈಟ್ ಅನ್ನೇ, ರೈಟ್ ಅನ್ನು" ಅಂದಳು. ಸೊಸೆಯ ಕೈ ತುಂಬ ಇದ್ದ ಸೀಮಂತದ ಹಸಿರು ಬಳೆಗಳು ಸೀರೆಯ ಮೇಲೆ ಜಾರುತ್ತ ಸದ್ದು ಮಾಡುತ್ತಿದ್ದವು. ಹೆಣ್ಣು ಮಗು. ನಾವು ಮೂವರೂ ನಗುತ್ತಿದ್ದೆವು. ಹೆರಿಗೆ ಕೋಣೆಯಲ್ಲಿ ನಗು ಕೇಳಿ ಲೇಬರ್ ವಾರ್ಡಿನ ನರ್ಸು ಏನೋ ಅನಾಹುತವಾಯಿತೆಂದು ಓಡಿ ಬಂದಿದ್ದಳು. ಅದೇ ಸೀರೆಯಲ್ಲಿ ಮಗುವನ್ನು ಸುತ್ತಿಕೊಂಡು ಹೋದರು. ಹನ್ನೊಂದನೆಯ ದಿನ ಅದನ್ನೇ ಮನೆಯಲ್ಲಿ ಜೋಲಿ ಕಟ್ಟಿದೆವು ಎಂದು ಅತ್ತೆ ಬಂದು ಹೇಳಿ, ಒಂದು ಡಬ್ಬಿ ಒಬ್ಬಟ್ಟು ಕೊಟ್ಟು ಹೋದಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ತಪಾಸಣೆಗೆ ಬಂದ ಪ್ರತಿ ಹೆಂಗಸಿಗೂ ಹೇಳುತ್ತಿದ್ದೆ: ಬರುವಾಗ ಒಂದು ಹಳೇ ಸೀರೆ ತನ್ನಿ. ನೂಲಿನದಿರಲಿ, ಮೆತ್ತಗಿರಲಿ, ಗಟ್ಟಿ ಇರಲಿ. ನೈಲಾನು ಬೇಡ, ಕೈ ಜಾರುತ್ತದೆ. ಯಾರ ಯಾರ ಸೀರೆಗಳೋ ಬಂದವು. ತೀರಿಕೊಂಡ ಅಜ್ಜಿಯ ಸೀರೆ, ಅಮ್ಮನ ಬಾಣಂತನದ ಸೀರೆ. ಆರ್.ಟಿ. ನಗರದ ಒಬ್ಬ ಮುಸ್ಲಿಂ ಅಜ್ಜಿ ಮೊಮ್ಮಗಳಿಗಾಗಿ ಎರಡು ದುಪಟ್ಟಾಗಳನ್ನು ಜಡೆಯ ಹಾಗೆ ಹೆಣೆದು ತಂದಿದ್ದಳು. ಗಂಟು ಹಾಕಲು ನನ್ನನ್ನು ಬಿಡಲಿಲ್ಲ. "ನಿಮ್ಮ ಗಂಟು ಮೇಲೆ ಭರೋಸ ಇಲ್ಲ ಬೇಟಿ, ನಾನೇ ಹಾಕ್ತೀನಿ" ಅಂದಳು. ನನಗೆ ಸಿಟ್ಟೇನೂ ಬರಲಿಲ್ಲ. ಮನೆಯ ಬಟ್ಟೆ ಮನೆಯವರ ಗಂಟಿನಲ್ಲಿ ಇಳಿಬಿದ್ದಿದ್ದರೆ ಹೆಂಗಸಿನ ಮುಖವೇ ಬೇರೆ ಇರುತ್ತಿತ್ತು. ಅವಳು ಆಸ್ಪತ್ರೆಗೆ ಬಂದವಳಂತೆ ಇರುತ್ತಿರಲಿಲ್ಲ, ಆಸ್ಪತ್ರೆಯೇ ಅವಳ ಮನೆಗೆ ಬಂದಂತೆ ಇರುತ್ತಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಖುಷಿಯಾಗಿ ಬಸ್ಸು ಹತ್ತಿ ಕೆಲಸಕ್ಕೆ ಹೋದದ್ದು ಆ ದಿನಗಳಲ್ಲಿ ಮಾತ್ರ.

ಆಮೇಲೆ ದೊಡ್ಡ ಮೇಡಂ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಕೆಟ್ಟವರಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೊಸ ಮೇಡಂ ಚುರುಕು, ಕೈಗುಣ ಚೆನ್ನಾಗಿತ್ತು, ಯಾರ ಮೇಲೂ ಕೂಗಾಡುತ್ತಿರಲಿಲ್ಲ. ಆದರೆ ಇಬ್ಬರು ಡಾಕ್ಟರು ಮಾಡಬೇಕಾದ ಕೆಲಸಕ್ಕೆ ಅವರೊಬ್ಬರೇ. ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಿಲ್ಲ.

ಅವರು ಬಂದ ಹೊಸದರಲ್ಲೇ ನನ್ನನ್ನು ಕರೆದು ಕೂರಿಸಿ ಹೇಳಿದರು. "ಸಿಸ್ಟರ್, ನಿಮ್ಮ ಕೆಲಸದ ಬಗ್ಗೆ ನನಗೆ ಡೌಟಿಲ್ಲ. ಆದ್ರೆ ಆ ಕೋಣೇಲಿ ಏನಾದ್ರೂ ಆದ್ರೆ ಟಿವಿಯವ್ರು ನಿಮ್ಮ ಮುಂದೆ ಮೈಕ್ ಹಿಡಿಯಲ್ಲ, ನನ್ನ ಮುಂದೆ ಹಿಡೀತಾರೆ. ನಾನು ಆಸ್ಪತ್ರೆಲಿ ಫ್ರೀಯಾಗಿದ್ದಾಗ ಮಾತ್ರ ನೀವು ಅಲ್ಲಿ ಕೇಸ್ ತಗೊಳ್ಳಿ."

ಅವರು ಫ್ರೀಯಾಗಿದ್ದುದು ಯಾವಾಗ? ಕೋಣೆ ಮುಚ್ಚಿ ಎಂದು ಅವರು ಎಂದೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ನನ್ನ ಜೊತೆ ತರಬೇತಿ ಮುಗಿಸಿ ಬಂದಿದ್ದ ಇನ್ನೊಬ್ಬಳಿದ್ದಳು, ನನಗಿಂತ ಚಿಕ್ಕವಳು, ಗುತ್ತಿಗೆ ಮೇಲಿದ್ದಳು. ವರ್ಷ ವರ್ಷವೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯುವುದರಲ್ಲೇ ಹಣ್ಣಾಗಿ, ಹೆಬ್ಬಾಳದ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಕೊಂಡಳು. ಅಲ್ಲಿ ಅವಳಿಗೆ ಸಾಮಾನ್ಯ ನರ್ಸಿನ ಕೆಲಸ. "ಅಕ್ಕಾ, ಇಲ್ಲಿ ನಾನು ಏನು ಅಂತ ಆದ್ರೂ ಗೊತ್ತಿದೆ" ಅಂದಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ನನಗೆ ಒಂದು ವಾರ ಜನರಲ್ ವಾರ್ಡು, ಒಂದು ವಾರ ಲಸಿಕೆ, ಒಂದು ವಾರ ಮೊಬೈಲಿನ ಆ್ಯಪ್‌ಗೆ ಬಸುರಿಯರ ವಿವರ ತುಂಬುವ ಕೆಲಸ. ಥಿಯೇಟರಿನ ನರ್ಸು ರಜೆ ಹಾಕಿದರೆ ಥಿಯೇಟರು. ನನ್ನ ಹೊಸ ಹುದ್ದೆಗೆ ಹೆಸರಿತ್ತು, ಜಾಗ ಇರಲಿಲ್ಲ. ನರ್ಸುಗಳ ಸಂಘಕ್ಕೆ ಹೋದರೆ ನೀವು ಮೇಲಿನವರಲ್ಲವೇ ಅನ್ನುತ್ತಿದ್ದರು, ಮೇಲಿನವರ ಹತ್ತಿರ ಹೋದರೆ ನೀವು ನರ್ಸಲ್ಲವೇ ಅನ್ನುತ್ತಿದ್ದರು. ಅತ್ತ ದರಿ ಇತ್ತ ಹುಲಿ ಅನ್ನುತ್ತಾರಲ್ಲ, ನನಗೆ ಹುಲಿಯ ಮರ್ಯಾದೆಯೂ ಸಿಗಲಿಲ್ಲ. ಎರಡೂ ಕಡೆ ಬಾಗಿಲು ಹಾಕಿದ ಮನೆಯ ನಡುವಿನ ಓಣಿಯಲ್ಲಿ ನಿಂತಂತಿತ್ತು.

ಸೀರೆಗಳು ಬರುವುದು ಮಾತ್ರ ನಿಂತಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ಮಾತು ಹರಡಿತ್ತಲ್ಲ. ಹೆಂಗಸರು ಬ್ಯಾಗಿನಲ್ಲಿ ಸೀರೆ ಇಟ್ಟುಕೊಂಡು ಬರುತ್ತಿದ್ದರು, ಕೋಣೆಯ ಬೀಗ ನೋಡುತ್ತಿದ್ದರು, ಟೇಬಲ್ ಮೇಲೆ ಮಲಗುತ್ತಿದ್ದರು.

ಅಷ್ಟರಲ್ಲಿ ಕಂಡಕ್ಟರ್ ಮತ್ತೆ ಬಸುರಿಯಾದಳು. ಮೂರನೇ ತಿಂಗಳಿನಲ್ಲೇ ಬಂದು ನನ್ನ ಮುಂದೆ ಕೂತಳು. ಈಗ ಡಿಪೋದಲ್ಲೇ ಕೆಲಸ ಹಾಕಿದ್ದಾರೆ, ಕೂತು ಕೂತು ಸೊಂಟ ಹೋಯಿತು ಎಂದು ಗೊಣಗಿದಳು. ಆಮೇಲೆ ಧ್ವನಿ ಇಳಿಸಿ ಕೇಳಿದಳು. "ಅಕ್ಕಾ, ಕೋಣೆ ಮುಚ್ಚಿದ್ದಾರಂತೆ?"

"ಮುಚ್ಚಿಲ್ಲ. ನಾನಿದ್ದಾಗ ತೆಗೀತೀನಿ."

"ನನ್ ಟೈಮಿಗೆ ತೆಗೀತೀರ ತಾನೇ? ಮಗಳನ್ನ ಹೆತ್ತಿದ್ದು ನನ್ನ ಜೀವನದಲ್ಲಿ ನಾನೇ ಮಾಡಿದ ಒಂದು ದೊಡ್ಡ ಕೆಲಸ ಅಕ್ಕ. ಬೇರೆಲ್ಲ ಯಾರೋ ಹೇಳಿದ್ದು ಮಾಡಿದ್ದೀನಿ."

ಅವಳು ಹಾಗೆ ಮಾತಾಡುವವಳಲ್ಲ. ತೆಗೀತೀನಿ ಅಂದೆ. ಆಮೇಲೆ ಮೇಡಂ ಹತ್ತಿರ ಹೋಗಿ ಕೇಳಿದೆ. ಎರಡನೇ ಹೆರಿಗೆ, ಮೊದಲನೆಯದು ಸಲೀಸಾಗಿ ಆಗಿದೆ, ಯಾವ ತೊಂದರೆಯೂ ಇಲ್ಲ, ಇವಳೊಬ್ಬಳಿಗೆ ಅನುಮತಿ ಕೊಡಿ ಅಂದೆ. ಮೇಡಂ ಮೊಬೈಲಿನಿಂದ ತಲೆ ಎತ್ತಿ, "ಆಯ್ತು ಸಿಸ್ಟರ್, ಅವತ್ತು ನೀವು ಲೇಬರ್ ಡ್ಯೂಟಿಲಿದ್ರೆ, ನಾನೂ ಇದ್ರೆ, ಮಾಡಿ" ಅಂದರು. ಎರಡು ಇದ್ದರೆಗಳು. ಆದರೂ ಅಷ್ಟು ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಅವಳಿಗೆ ದಿನ ತುಂಬುವ ತಿಂಗಳು ಕೋಣೆಯ ಚಾಪೆಯನ್ನು ಬಿಸಿಲಿಗೆ ಹಾಕಿಸಿದೆ, ಕೊಕ್ಕೆಯ ತುಕ್ಕು ಒರೆಸಿದೆ.

ಅವಳು ಬಂದ ದಿನ ನಾನು ಥಿಯೇಟರಿನಲ್ಲಿದ್ದೆ.

ಥಿಯೇಟರಿನ ನರ್ಸಿನ ಮಗುವಿಗೆ ಜ್ವರ, ರಜೆ ಹಾಕಿದ್ದಳು. ಬೆಳಿಗ್ಗೆ ಬಂದ ಕೂಡಲೇ ನನ್ನನ್ನು ಒಳಗೆ ಕಳಿಸಿದರು. ಮೊದಲ ಸಿಸೇರಿಯನ್ ನಡೆಯುತ್ತಿತ್ತು. ಕೈಗೆ ಗ್ಲೌಸು ಹಾಕಿ, ಮೇಡಂ ಎದುರಿಗೆ ನಿಂತು ಒಂದೊಂದೇ ಕತ್ತರಿ, ಕ್ಲಾಂಪು ಕೊಡುತ್ತಿದ್ದೆ. ಆಗ ಲೇಬರ್ ವಾರ್ಡಿನ ಆಯಾ ಥಿಯೇಟರಿನ ಬಾಗಿಲು ಒಂದಿಷ್ಟು ಸರಿಸಿ ತಲೆ ಮಾತ್ರ ತೂರಿಸಿದಳು. "ಸಿಸ್ಟ್ರೇ, ನಿಮ್ ಕಂಡಕ್ಟ್ರು ಬಂದವ್ಳೆ. ಅತ್ತೆ ಸೀರೆ ತಂದವ್ಳೆ. ಕೀ ಕೇಳ್ತಾವ್ರೆ."

ನನ್ನ ಮುಂದೆ ಇನ್ನೊಬ್ಬ ಹೆಂಗಸಿನ ಹೊಟ್ಟೆ ತೆರೆದಿತ್ತು. ಬಿಟ್ಟು ಹೋಗುವ ಮಾತೇ ಇರಲಿಲ್ಲ. ಬರ್ತೀನಿ ಅಂತ ಹೇಳು, ಮಲಗಿಸಬೇಡಿ ಅಂತ ಹೇಳು, ಓಡಾಡ್ತಾ ಇರಲಿ ಅಂದೆ. ಆಯಾ ಹೇಳಿರಬೇಕು. ಆದರೆ ಲೇಬರ್ ವಾರ್ಡಿನಲ್ಲಿ ಅವತ್ತು ಇದ್ದದ್ದು ಒಬ್ಬಳೇ ನರ್ಸು, ಟೇಬಲ್‌ಗಳೆಲ್ಲ ತುಂಬಿದ್ದವು. ಒಬ್ಬಳು ಓಡಾಡುತ್ತಿದ್ದರೆ ಅವಳ ಹಿಂದೆ ಯಾರು ಓಡಾಡಬೇಕು? ಮಲಗಿಸಿದರೆ ಕಣ್ಣಿಗೆ ಕಾಣುತ್ತಾಳೆ. ಮಲಗಿಸಿದಳು. ಬೇಗ ಮುಗಿಯಲಿ ಎಂದು ನೋವು ಹೆಚ್ಚಿಸುವ ಡ್ರಿಪ್ ಹಾಕಲು ತರಬೇತಿಗೆಂದು ಬಂದಿದ್ದ ಚಿಕ್ಕ ಡಾಕ್ಟರು ಹೇಳಿದ್ದರು, ಹಾಕಿದಳು. ನಾನು ಅವಳ ಜಾಗದಲ್ಲಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಮೊದಲ ಕೇಸು ಮುಗಿಯಿತು. ಹೊಲಿಗೆ ಹಾಕುತ್ತಿದ್ದಾಗಲೇ ಮೇಡಂಗೆ ಹೇಳಿದೆ. "ಮೇಡಂ, ಆ ಕಂಡಕ್ಟರ್ ಬಂದಿದ್ದಾಳೆ. ನಾನು ಹೋಗ್ಲಾ?"

"ಇನ್ನೊಂದು ಕೇಸ್ ಕಾಯ್ತಿದೆಯಲ್ಲ ಸಿಸ್ಟರ್. ನೀವು ಹೋದ್ರೆ ನನ್ನ ಕೈಗೆ ಕೊಡೋರು ಯಾರು? ಅವಳಿಗೆ ಎರಡನೇದು, ಆರಾಮಾಗಿ ಆಗುತ್ತೆ ಬಿಡಿ."

ಅದಾದರೂ ಸುಳ್ಳಲ್ಲ. ಎರಡನೇ ಕೇಸಿಗೆ ಎಲ್ಲ ಜೋಡಿಸಿಟ್ಟೆ. ಬಾಗಿಲ ಕಡೆಗೇ ಕಿವಿ. ಮತ್ತೆ ಬಾಗಿಲು ತೆರೆದಾಗ ಒಳಗೆ ಬಂದದ್ದು ಆ ಎರಡನೇ ಹೆಂಗಸಲ್ಲ. ಟ್ರಾಲಿಯನ್ನು ಬೇಗ ಬೇಗ ತಳ್ಳಿಕೊಂಡು ಬಂದರು. ಅದರ ಮೇಲೆ ಕಂಡಕ್ಟರ್ ಮಲಗಿದ್ದಳು. ಮಗುವಿನ ಎದೆಬಡಿತ ಇಳಿಯುತ್ತಿದೆ, ತಡ ಮಾಡುವ ಹಾಗಿಲ್ಲ ಎಂದು ಚಿಕ್ಕ ಡಾಕ್ಟರು ಹೇಳುತ್ತಿದ್ದರು.

ಆ ಹೊತ್ತಿಗೆ ಆಪರೇಷನ್ ಬೇಕೇ ಇತ್ತು. ನಾನು ಸುಳ್ಳು ಹೇಳುವುದಿಲ್ಲ. ಆ ಹೊತ್ತು ಅವಳ ಪಾಲಿಗೆ ಬರದೇ ಇರಬಹುದಿತ್ತು, ಅಷ್ಟೆ. ಅಂಗಾತ ಮಲಗದೆ, ಡ್ರಿಪ್ ಇಲ್ಲದೆ, ಅತ್ತೆಯ ಕೈ ಬೆನ್ನ ಮೇಲಿದ್ದು, ಸೀರೆ ಹಿಡಿದು ನಿಂತಿದ್ದರೆ ಅವಳು ಇಷ್ಟು ಹೊತ್ತಿಗೆ ಮಗುವನ್ನು ಎದೆಗೆ ಹಾಕಿಕೊಂಡು ಅತ್ತೆಯ ಜೊತೆ ಜಗಳ ಆಡುತ್ತಿರುತ್ತಿದ್ದಳೋ ಏನೋ. ಹಾಗೇ ಆಗುತ್ತಿತ್ತು ಎಂದು ಯಾರಿಗೆ ತೋರಿಸಲಿ? ಆಗದೇ ಹೋದದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಥಿಯೇಟರಿಗೆ ಬಂದ ಹೆಂಗಸಿನ ಬಳೆ ತೆಗೆಯುವುದು ನರ್ಸಿನ ಕೆಲಸ. ಗಾಜಿನ ಬಳೆ, ಸೀಮಂತದ ಹಸಿರು ಬಳೆ, ಊದಿದ ಕೈಯಿಂದ ಸಲೀಸಾಗಿ ಬರುವುದಿಲ್ಲ. ಸೋಪು ಹಚ್ಚಿ ಒಂದೊಂದೇ ಜಾರಿಸಬೇಕು. ನಾನು ಅವಳ ಕೈ ಹಿಡಿದಾಗ ಅವಳು ಕಣ್ಣು ತೆರೆದಳು. ಮಾಸ್ಕು, ಟೋಪಿ ಹಾಕಿದ್ದರೂ ಗುರುತು ಹಿಡಿದಳು.

"ಅಕ್ಕಾ, ನೀವಾ?" ಅಂದಳು. "ಸದ್ಯ. ನೀವಿದ್ದೀರಲ್ಲ."

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಮಾತು ಕೊಟ್ಟು ಎಲ್ಲಿ ಹಾಳಾಗಿ ಹೋಗಿದ್ರಿ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಕೈಯನ್ನು ನನ್ನ ಕೈಯಲ್ಲಿ ಸಡಿಲಾಗಿ ಬಿಟ್ಟಳು. ಬಳೆಗಳು ಸುಮ್ಮನೆ ಜಾರಿ ಬಂದವು.

ಗಂಡು ಮಗು. ಚೆನ್ನಾಗಿತ್ತು, ತಕ್ಷಣ ಅತ್ತಿತು. ಮೇಡಂ ಅಚ್ಚುಕಟ್ಟಾಗಿ ಕೆಲಸ ಮಾಡಿದರು, ಮುಗಿದ ಮೇಲೆ ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ನಾನು ಮಗುವನ್ನು ಒರೆಸಿ ಹೊರಗೆ ತಂದೆ. ಅತ್ತೆ ಕಾರಿಡಾರಿನ ಬೆಂಚಿನ ಮೇಲೆ ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬಿಚ್ಚಿರಲೇ ಇಲ್ಲ, ಮಡಿಕೆ ಹಾಗೇ ಇತ್ತು. ಮೊದಲ ಸಲದ ಅದೇ ಸೀರೆ, ಅಂಚು ಹರಿದ ಕಡೆ ಹೊಸದಾಗಿ ಹೊಲಿದಿದ್ದಳು. ಮಗುವನ್ನು ಅದರಲ್ಲಿ ಸುತ್ತಿ ಕೊಟ್ಟೆ. "ದ್ಯಾವ್ರು ದೊಡ್ಡೋನು, ನೀವು ಒಳಗಿದ್ರಿ" ಅಂದಳು ಅವಳೂ.

ಮಾರನೆಯ ದಿನ ವಾರ್ಡಿಗೆ ಹೋದೆ. ಕಂಡಕ್ಟರ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಳು. "ನಿಲ್ಲಕ್ಕಾಗ್ತಿಲ್ಲ ಅಕ್ಕ. ನನಗೇ ನಗು ಬರುತ್ತೆ, ಆದ್ರೆ ನಕ್ಕರೆ ಹೊಲಿಗೆ ಎಳೆಯುತ್ತೆ" ಅಂದಳು. ಪಕ್ಕದ ಮಂಚದ ಮೇಲೆ ಇನ್ನೂ ಹೆರದ ಒಬ್ಬಳಿದ್ದಳು, ಆಪರೇಷನ್ ಅಂದರೆ ಹೆದರಿ ಎರಡು ದಿನದಿಂದ ಅಳುತ್ತಿದ್ದವಳು. ಕಂಡಕ್ಟರ್ ನನ್ನನ್ನು ತೋರಿಸಿ ಅವಳಿಗೆ ಹೇಳಿದಳು. "ಇವ್ರೇ ಕಣೇ ನಾನು ಹೇಳಿದ ಅಕ್ಕ. ನನ್ನ ಮೊದಲ್ನೇದು ಇವ್ರೇ ನಿಲ್ಲಿಸಿ ಹೆರಿಗೆ ಮಾಡ್ಸಿದ್ದು. ಈ ಸಲ ಆಪರೇಷನ್‌ಗೂ ಇವ್ರೇ ನಿಂತಿದ್ರು. ಇವ್ರೇ ಆಪರೇಷನ್ ಬೇಕು ಅಂದ್ಮೇಲೆ ಬೇಕೇ ಇತ್ತು ಅಂತ ಅರ್ಥ. ನೀನು ಹೆದರ್ಕೋಬೇಡ."

ನಾನು ಬೇಕು ಅಂದಿರಲಿಲ್ಲ. ನನ್ನನ್ನು ಯಾರೂ ಕೇಳಿರಲೂ ಇಲ್ಲ. ಆದರೆ ಹೊಟ್ಟೆ ಹೊಲಿಸಿಕೊಂಡು ಮಲಗಿದವಳಿಗೆ, ಇದು ತಪ್ಪುತ್ತಿತ್ತು ಕಣಮ್ಮ ಎಂದು ಯಾವ ಬಾಯಲ್ಲಿ ಹೇಳುವುದು? ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಹಣೆ ಮುಟ್ಟಿ, ನೀರು ಕುಡಿ ಎಂದು ಹೇಳಿ ಹೊರಗೆ ಬಂದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಪಕ್ಕದ ಮಂಚದವಳು ಅಂದು ಮಧ್ಯಾಹ್ನವೇ ಆಪರೇಷನ್‌ಗೆ ಒಪ್ಪಿದಳು. ಎರಡು ದಿನದಿಂದ ಡಾಕ್ಟರುಗಳು ಹೇಳಿದರೂ ಒಪ್ಪದವಳು. ಇದು ಮೇಡಂ ಕಿವಿಗೆ ಬಿತ್ತು. ಸಂಜೆ ನನ್ನನ್ನು ಕರೆದರು. ಅವರು ಇಷ್ಟು ಪ್ರೀತಿಯಿಂದ ಮಾತಾಡಿದ್ದು ಅದೇ ಮೊದಲು. "ಸಿಸ್ಟರ್, ನಿಮ್ಮ ಮಾತು ಜನ ಕೇಳ್ತಾರೆ. ನಾವು ಹೇಳಿದ್ರೆ ದುಡ್ಡಿಗೆ ಮಾಡ್ತಾರೆ ಅಂತಾರೆ, ಇದು ಸರ್ಕಾರಿ ಆಸ್ಪತ್ರೆ ಅಂದ್ರೂ ನಂಬಲ್ಲ. ನಿಮ್ಮನ್ನ ತಮ್ಮವರೇ ಅಂದ್ಕೊಂಡಿದ್ದಾರೆ. ನೀವು ಯಾಕೆ ಕೌನ್ಸೆಲಿಂಗ್ ನೋಡ್ಕೋಬಾರ್ದು? ವಾರ್ಡು, ಲಸಿಕೆ, ಆ್ಯಪು ಎಲ್ಲ ಬಿಟ್ಬಿಡಿ. ಕೂತು ಮಾಡೋ ಕೆಲಸ. ನಿಮಗೆ ಒಂದು ಕೋಣೇನೂ ಇದೆ."

ಕೋಣೆ ಅದೇ. ಚಾಪೆ, ಚೆಂಡು ಎಲ್ಲ ಮೇಲಿನ ಮಹಡಿಗೆ ಹೋದವು. ಒಂದು ಮೇಜು ಬಂತು, ಕುರ್ಚಿಗಳು ಬಂದವು, ಬಾಗಿಲಿಗೆ ಸಮಾಲೋಚನಾ ಕೊಠಡಿ ಎಂದು ಬೋರ್ಡು ಬಂತು. ಬೇಡ ಅನ್ನಬಹುದಿತ್ತು. ಅಂದರೆ ಮತ್ತೆ ಲಸಿಕೆ, ಮತ್ತೆ ಆ್ಯಪು. ಕಾಲಿನ ನರಗಳು ಉಬ್ಬಿದ್ದವು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು, ಈಗಲೂ ಇವೆ. ಅಮ್ಮನಿಗೆ ಮಾತ್ರ ಖುಷಿಯಾಯಿತು. "ಮೇಜು ಕುರ್ಚಿ ಕೊಟ್ಟವ್ರೆ ಅಂದ್ರೆ ಬಡ್ತಿ ತಾನೇ?" ಅಂದಳು.

ದಿನವೂ ಜನ ಬರುತ್ತಾರೆ. ಗಂಡ, ಅತ್ತೆ, ತಾಯಿ. ನನ್ನ ಎದುರು ಕೂರುತ್ತಾರೆ. ನಾನು ಎಲ್ಲವನ್ನೂ ಸಮಾಧಾನವಾಗಿ ಬಿಡಿಸಿ ಹೇಳಿ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ. ಕೆಲವರಿಗೆ ಆಪರೇಷನ್ ನಿಜವಾಗಿಯೂ ಬೇಕು. ಕೆಲವರಿಗೆ ಬೇಕಾಗುವಂತೆ ಆಗಿದೆ. ಕೆಲವರಿಗೆ ಯಾಕೆ ಎಂದು ನನಗೇ ತಿಳಿಯುವುದಿಲ್ಲ, ಡಾಕ್ಟರು ಬರೆದಿರುತ್ತಾರೆ. ಎಲ್ಲರಿಗೂ ನನ್ನ ದನಿ ಒಂದೇ. ಮೊದಲು ವಾರ್ಡಿನಲ್ಲಿ ಕೂಗಾಡುವ ನರ್ಸುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಕೂಗುವವಳ ಎದುರು ಹೆಂಗಸು ತಿರುಗಿಯಾದರೂ ಬೀಳುತ್ತಾಳೆ. ನನ್ನ ಎದುರು ಯಾರೂ ತಿರುಗಿ ಬೀಳುವುದಿಲ್ಲ.

ಮೊನ್ನೆ ಒಬ್ಬ ಹೆಂಗಸು ಬಂದಳು, ಯಲಹಂಕದ ಆಚೆಯವಳು, ಸೊಸೆಯನ್ನು ಸೇರಿಸಿದ್ದಳು. ಸೊಸೆಗೆ ಸಿಸೇರಿಯನ್ ಎಂದು ಬರೆದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ತಲೆ ಆಡಿಸಿದಳು. ಆಮೇಲೆ ಕೈಚೀಲದಿಂದ ಒಂದು ಹಳೇ ನೂಲಿನ ಸೀರೆ ತೆಗೆದು ಮೇಜಿನ ಮೇಲಿಟ್ಟಳು.

"ನಮ್ ಬೀದೀಲಿ ಕಂಡಕ್ಟ್ರು ಒಬ್ಳವ್ಳೆ. ಅವ್ಳತ್ತೆ ಏಳಿದ್ಲು, ಆ ಅಕ್ಕನ ತಾವ ಓದ್ರೆ ಒಂದು ಅಳೇ ಸೀರೆ ತಕಂಡೋಗು ಅಂತ. ತಂದಿವ್ನಿ. ಎಲ್ಲಿ ಕಟ್ತೀರ ಇದುನ್ನ?"

ಕೊಕ್ಕೆ ನಮ್ಮಿಬ್ಬರ ತಲೆಯ ಮೇಲೇ ಇತ್ತು. ಅವಳು ಮೇಲೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಮನೇಲಿ ಕಟ್ಟಿ ಅಮ್ಮ" ಅಂದೆ. "ಮಗು ಬಂದ್ಮೇಲೆ."

"ಅದೂ ನಿಜವೇ" ಅಂದಳು. "ಕೂಸು ಉಟ್ಟೋಕ್ ಮುಂಚೆ ಕಟ್ಬಾರ್ದು." ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು.

ತೋರಿಸಿದೆ.